ಎರಡೂ ಕಡೆ ತಿರುಗುವ ಡಿಸಿ ಮೋಟರ್: ರಿಲೇ ಕಾಂಟ್ಯಾಕ್ಟ್ ಸುಡದಂತೆ ಯಾವ ದಾರಿ ಹಿಡಿಯಬೇಕು?

ನಮ್ಮ ಕೋಳಿ ಶೆಡ್‌ನ ಪಕ್ಕದ ಪರದೆ ಎಳೆಯಲು ಗೇರ್ ಇರುವ 12 ವೋಲ್ಟ್ ಡಿಸಿ ಮೋಟರ್ ಹಾಕಿದ್ದೆವು. ಎರಡು ಸಣ್ಣ ನೀಲಿ ರಿಲೇ (ಕಾಯಿಲ್ ಎಂಬ ಸುರುಳಿಗೆ ಕರೆಂಟ್ ಕೊಟ್ಟರೆ ಕಾಂಟ್ಯಾಕ್ಟ್ ಎಂಬ ಲೋಹದ ತುದಿಗಳನ್ನು ಕೂಡಿಸುವ ಸ್ವಿಚ್), ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಎರಡು ತುದಿಗೆ ಎರಡು ಲಿಮಿಟ್ ಸ್ವಿಚ್. ಮೂರು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಮಳೆ ಶುರುವಾಯಿತೆಂದು ಪರದೆ ಮುಚ್ಚಲು ಬಟನ್ ಒತ್ತಿದೆ. ಪರದೆ ಕೊನೆ ಮುಟ್ಟಿತು, ಲಿಮಿಟ್ ಸ್ವಿಚ್ ಒತ್ತಿತು, ಬೋರ್ಡ್ ರಿಲೇಯನ್ನು ಬಿಟ್ಟಿತು, ಅಂದರೆ ಕಾಯಿಲ್‌ನ ಕರೆಂಟ್ ನಿಲ್ಲಿಸಿತು. ಮೋಟರ್ ಮಾತ್ರ ನಿಲ್ಲಲಿಲ್ಲ. ಹಗ್ಗ ಕಿತ್ತು, ಪರದೆ ಅರ್ಧ ಹರಿಯಿತು. ಬೆಳಗ್ಗೆ ರಿಲೇ ಬಿಚ್ಚಿ ನೋಡಿದರೆ ಕಾಂಟ್ಯಾಕ್ಟ್‌ಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು.

ಗೇಟ್, ಪರದೆ, ಸೋಲಾರ್ ಪ್ಯಾನೆಲ್ ತಿರುಗಿಸುವ ಆಕ್ಚುಯೇಟರ್ ಹೀಗೆ ಏನಾದರೂ ಕಟ್ಟುತ್ತಿರುವವರು ಕೇಳುವುದು ಇದನ್ನೇ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಲಾ, ಕಿಡಿ ಅಡಗಿಸುವ ಸ್ನಬ್ಬರ್ ಹಾಕಲಾ, ದೊಡ್ಡ ರಿಲೇ ತರಲಾ, ಇಲ್ಲ ರಿಲೇಯನ್ನೇ ಬಿಟ್ಟುಬಿಡಲಾ? ಉತ್ತರ ಎಲ್ಲರಿಗೂ ಒಂದೇ ಅಲ್ಲ. ಆದರೆ ಏನನ್ನು ನೋಡಿ ಆರಿಸಬೇಕು ಅನ್ನುವುದು ಒಂದೇ.

ಕಾಂಟ್ಯಾಕ್ಟ್ ಯಾಕೆ ಸುಡುತ್ತದೆ

ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಕಾಂಟ್ಯಾಕ್ಟ್ ತೆರೆದಾಗ ಕಿಡಿ ಹೊತ್ತಿದರೂ ಅದು ತಾನಾಗಿ ಆರಲು ಅವಕಾಶ ಸಿಗುತ್ತದೆ. ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಅದಕ್ಕೇ ಅದೇ ನೀಲಿ ರಿಲೇಯ ಮೇಲೆ ಎಸಿಗೆ 10 ಆಂಪ್ 250 ವೋಲ್ಟ್, ಡಿಸಿಗೆ 10 ಆಂಪ್ 30 ವೋಲ್ಟ್ ಎಂದು ಬರೆದಿರುತ್ತದೆ. ಅದೂ ಬಲ್ಬ್‌ನಂಥ ಲೋಡಿಗೂ ಅಲ್ಲ, ಬರೀ ಹೀಟರ್, ರೆಸಿಸ್ಟರ್‌ನಂಥ ಲೋಡಿಗೆ. ಬಲ್ಬ್ ಕೂಡ ಹೊತ್ತುವ ಕ್ಷಣ ಜಾಸ್ತಿ ಎಳೆಯುತ್ತದೆ. ಮೋಟರ್ ಇನ್ನೂ ಕಠಿಣ.

ಬೆಳ್ಳಿಯ ಕಾಂಟ್ಯಾಕ್ಟ್ ನಡುವೆ ಕಿಡಿ ನಿಂತು ಉರಿಯಬೇಕಾದರೆ ಸುಮಾರು 12 ವೋಲ್ಟ್, ಸುಮಾರು 0.4 ಆಂಪ್ ಬೇಕು. ಇದಕ್ಕಿಂತ ಕಡಿಮೆ ಇದ್ದರೆ ಕಿಡಿ ಹುಟ್ಟಿದರೂ ಬಾಳುವುದಿಲ್ಲ. ಈ 12 ವೋಲ್ಟ್ ಅನ್ನುವ ಅಂಕಿಯನ್ನು ನೆನಪಿಡಿ, ಕಾಂಟ್ಯಾಕ್ಟ್ ತೆರೆಯುವಾಗಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಮೋಟರ್‌ನ ಸುರುಳಿ ತನ್ನಲ್ಲಿ ಹರಿಯುತ್ತಿರುವ ಕರೆಂಟನ್ನು ಒಮ್ಮೆಲೇ ಬಿಡುವುದಿಲ್ಲ. ದಾರಿ ಮುಚ್ಚಿದರೆ ವೋಲ್ಟೇಜ್ ಏರಿಸಿಕೊಂಡಾದರೂ ಗಾಳಿಯನ್ನು ದಾಟುತ್ತದೆ. ಆಗ ಕಾಂಟ್ಯಾಕ್ಟ್ ಮೇಲೆ ಬೀಳುವುದು 12 ಅಲ್ಲ, ಅದರ ಎಷ್ಟೋ ಪಟ್ಟು.

ಇದು ತೆರೆಯುವಾಗಿನ ಕಥೆ. ಮುಚ್ಚುವಾಗಿನದು ಬೇರೆ, ಮತ್ತು ಬೆಸುಗೆ ಬೀಳುವುದು ಹೆಚ್ಚಾಗಿ ಆಗಲೇ. ಸುರುಳಿಯ ರೆಸಿಸ್ಟೆನ್ಸ್ 0.6 ಓಮ್ ಇರುವ ಮೋಟರ್ ತೆಗೆದುಕೊಳ್ಳಿ. ಓಡುವಾಗ 4 ಆಂಪ್ ಎಳೆಯುತ್ತದೆ. ನಿಂತಿರುವ ಮೋಟರಿಗೆ 12 ವೋಲ್ಟ್ ಕೊಟ್ಟ ಕ್ಷಣ 12 ಭಾಗಿಸು 0.6, ಅಂದರೆ 20 ಆಂಪ್. ಇನ್ನು ಓಡುತ್ತಿರುವ ಮೋಟರ್ ತಾನೇ ಒಂದು ಡೈನಮೋ. 4 ಆಂಪ್ ಎಳೆಯುವಾಗ ಅದು ಒಳಗೆ ಸುಮಾರು 9.6 ವೋಲ್ಟ್ ಹುಟ್ಟಿಸುತ್ತಿರುತ್ತದೆ. ಹಾಗೆ ಓಡುತ್ತಿರುವಾಗಲೇ ದಿಕ್ಕು ಬದಲಿಸಿದರೆ 12 ಮತ್ತು 9.6 ಕೂಡಿ 21.6 ವೋಲ್ಟ್. 36 ಆಂಪ್! ರಿಲೇ ಮುಚ್ಚುವಾಗ ಕಾಂಟ್ಯಾಕ್ಟ್ ಒಂದೆರಡು ಮಿಲಿಸೆಕೆಂಡ್ ಪುಟಿಯುತ್ತದೆ. ಆ ಪುಟಿತದ ಮಧ್ಯೆ 36 ಆಂಪ್ ಹರಿದರೆ ಲೋಹ ಕರಗಿ ಅಂಟಿಕೊಳ್ಳದೆ ಇನ್ನೇನಾದೀತು?

ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ

ಮೋಟರ್ ಎಷ್ಟು ವೋಲ್ಟಿನದು? 12ಕ್ಕೂ 24ಕ್ಕೂ ಇಲ್ಲಿ ಬರೀ ದುಪ್ಪಟ್ಟಿನ ವ್ಯತ್ಯಾಸವಲ್ಲ. 12ರಲ್ಲಿ ಕಿಡಿ ಅಂಚಿನಲ್ಲಿದೆ, 24ರಲ್ಲಿ ಆರಾಮಾಗಿ ಉರಿಯುತ್ತದೆ.

ಓಡುವಾಗ ಎಷ್ಟು ಆಂಪ್, ಶಾಫ್ಟ್ ಹಿಡಿದು ನಿಲ್ಲಿಸಿದರೆ ಎಷ್ಟು ಆಂಪ್? ರಿಲೇ ಆರಿಸುವುದು ಎರಡನೆಯದನ್ನು ನೋಡಿ.

ದಿನಕ್ಕೆ ಎಷ್ಟು ಸಲ? ನಾಲ್ಕು ಸಲ ಎಳೆಯುವ ಪರದೆಯೂ ನಿಮಿಷಕ್ಕೆ ನಾಲ್ಕು ಸಲ ತಿರುಗುವ ಯಂತ್ರವೂ ಒಂದೇ ಅಲ್ಲ.

ರಕ್ಷಣೆ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆಯಾ? ಕಾಂಟ್ಯಾಕ್ಟ್ ತೆರೆದ ಕ್ಷಣ ಅದರ ಮೇಲೆ ಎಷ್ಟು ವೋಲ್ಟ್ ಉಳಿಸುತ್ತದೆ? ಮುಚ್ಚುವಾಗ ಏನಾದರೂ ಉಪಕಾರವಿದೆಯಾ?

ಕೊನೆಯದಾಗಿ, ಅದೇ ಕೆಟ್ಟರೆ ಏನಾಗುತ್ತದೆ? ನಮ್ಮ ಪರದೆ ಹರಿದದ್ದು ಈ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದಕ್ಕೆ.

ಒಂದೇ ಡಯೋಡ್

ರಿಲೇ ಕಾಯಿಲ್‌ಗೆ ಹಾಕುವಂತೆ ಮೋಟರ್‌ಗೂ ಅಡ್ಡ ಒಂದು ಡಯೋಡ್ ಹಾಕಿದರೆ? ಒಂದು ದಿಕ್ಕಿನಲ್ಲಿ ಸರಿ. ದಿಕ್ಕು ಬದಲಾದ ಕೂಡಲೇ ಅದು ಬ್ಯಾಟರಿಗೆ ನೇರ ಶಾರ್ಟ್. ಎರಡೂ ಕಡೆ ತಿರುಗುವ ಮೋಟರಿಗೆ ಇದು ಬೇಡವೇ ಬೇಡ.

ಆರ್‌ಸಿ ಸ್ನಬ್ಬರ್

ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸರಣಿಯಲ್ಲಿ. ಇದಕ್ಕೆ ದಿಕ್ಕಿನ ಹಂಗಿಲ್ಲ, ಮೋಟರ್‌ನ ಎರಡು ತುದಿಗೆ ಅಡ್ಡ ಒಂದು ಹಾಕಿದರೆ ಆಯಿತು. ರಿಲೇ ತಯಾರಕರು ಹೇಳುವ ಅಂದಾಜು ಹೀಗಿದೆ: ಒಂದು ಆಂಪ್‌ಗೆ 0.5ರಿಂದ 1 ಮೈಕ್ರೋಫ್ಯಾರಡ್, ಒಂದು ವೋಲ್ಟ್‌ಗೆ 0.5ರಿಂದ 1 ಓಮ್. 12 ವೋಲ್ಟ್, ಅರ್ಧ ಆಂಪ್‌ನ ಸಣ್ಣ ಮೋಟರಿಗೆ 0.47 ಮೈಕ್ರೋಫ್ಯಾರಡ್ ಮತ್ತು 10 ಓಮ್ ಹಾಕಿದರೆ, ತೆರೆದ ಕ್ಷಣ ಕಾಂಟ್ಯಾಕ್ಟ್ ಮೇಲೆ ಬರೋದು ಅರ್ಧ ಆಂಪ್ ಗುಣಿಸು 10, ಅಂದರೆ 5 ವೋಲ್ಟ್. ಕಿಡಿಗೆ 12 ಬೇಕಿತ್ತು. ಸೊಗಸಾಗಿ ಆರುತ್ತದೆ.

ಅದನ್ನೇ 5 ಆಂಪ್‌ಗೆ ಲೆಕ್ಕ ಹಾಕಿ. ರೆಸಿಸ್ಟರ್ 6 ಓಮ್‌ಗೆ ಇಳಿಸಿದರೂ ಆ ಕ್ಷಣದ ವೋಲ್ಟೇಜ್ 30. ಕಿಡಿ ಹೊತ್ತಿಯೇ ಹೊತ್ತುತ್ತದೆ. ರೆಸಿಸ್ಟರನ್ನು ಇನ್ನೂ ಇಳಿಸೋಣವೆಂದರೆ ಮುಚ್ಚುವಾಗ ಕೆಪಾಸಿಟರ್‌ನ ಕರೆಂಟೆಲ್ಲ ಕಾಂಟ್ಯಾಕ್ಟ್ ಮೂಲಕವೇ ನುಗ್ಗುತ್ತದೆ. ರೆಸಿಸ್ಟರ್ ಇಲ್ಲದೆ ಬರೀ ಕೆಪಾಸಿಟರ್ ಹಾಕಬಾರದು ಅನ್ನುವುದು ಅದಕ್ಕೇ. ಹಾಗಾಗಿ ನನ್ನ ಲೆಕ್ಕದಲ್ಲಿ ಸ್ನಬ್ಬರ್ ಒಂದು ಆಂಪ್‌ವರೆಗಿನ ಮೋಟರಿಗೆ. ಕೆಪಾಸಿಟರ್ ಫಿಲ್ಮ್ ಜಾತಿಯದ್ದಿರಲಿ. ಪ್ಲಸ್ ಮೈನಸ್ ಗುರುತಿರುವ ಎಲೆಕ್ಟ್ರೊಲಿಟಿಕ್ ಇಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ರೆಡಿ ಸಿಗುವ 0.1 ಮೈಕ್ರೋಫ್ಯಾರಡ್, 100 ಓಮ್‌ನ ಸ್ನಬ್ಬರ್ 230 ವೋಲ್ಟ್ ಎಸಿಗೆ ಮಾಡಿದ್ದು, ಅದನ್ನು ತಂದು ಇಲ್ಲಿ ಹಾಕಬೇಡಿ. ಮೋಟರ್ ಮೇಲೆ ಮೊದಲೇ ಬೆಸುಗೆ ಹಾಕಿರುವ 104 ಎಂಬ ಪುಟ್ಟ ಕೆಪಾಸಿಟರ್ ಬ್ರಷ್‌ನ ಗಲಾಟೆ ಅಡಗಿಸಲು ಇರುವುದು. ಅದಕ್ಕೂ ಕಾಂಟ್ಯಾಕ್ಟ್ ರಕ್ಷಣೆಗೂ ಸಂಬಂಧವಿಲ್ಲ.

ಎಂಓವಿ ಮತ್ತು ಟಿವಿಎಸ್

ಇವೆರಡೂ ವೋಲ್ಟೇಜ್ ಒಂದು ಮಟ್ಟ ದಾಟಿದರೆ ತೆರೆದುಕೊಳ್ಳುವ ತೂಬಿನಂಥವು. ಎಂಓವಿಗೆ ಎರಡು ದೋಷ. ಅದು ತಡೆಹಿಡಿಯುವ ಮಟ್ಟ ಸಡಿಲ, ಮತ್ತು ಪ್ರತಿ ಪೆಟ್ಟಿಗೂ ಅದು ಸ್ವಲ್ಪ ಸವೆಯುತ್ತದೆ. ಅಪರೂಪಕ್ಕೆ ಬರುವ ಸಿಡಿಲಿನ ಪೆಟ್ಟಿಗೆ ಅದು ಸರಿ, ದಿನವೂ ಹತ್ತಾರು ಸಲ ಬೀಳುವ ಪೆಟ್ಟಿಗಲ್ಲ.

ಟಿವಿಎಸ್ ಉತ್ತಮ. 12 ವೋಲ್ಟ್ ಬ್ಯಾಟರಿಗೆ 1.5ಕೆಇ18ಸಿಎ ಸರಿಹೋಗುತ್ತದೆ. ಕೊನೆಯ 'ಸಿಎ' ಇದ್ದರೆ ಎರಡೂ ದಿಕ್ಕಿನದು, ಬರೀ 'ಎ' ಇದ್ದರೆ ಒಂದೇ ದಿಕ್ಕಿನದು. ಅಂಗಡಿಯಲ್ಲಿ ಓದಿ ನೋಡಿಯೇ ತೆಗೆದುಕೊಳ್ಳಿ. ಇದು 15.3 ವೋಲ್ಟ್‌ವರೆಗೆ ಸುಮ್ಮನಿರುತ್ತದೆ, ಹಾಗಾಗಿ ಚಾರ್ಜ್ ಆಗುವಾಗ ಬ್ಯಾಟರಿ 14.4ಕ್ಕೆ ಏರಿದರೂ ತೊಂದರೆ ಇಲ್ಲ. ದೊಡ್ಡ ಪೆಟ್ಟಿಗೂ 25.2 ವೋಲ್ಟ್‌ಗೆ ಕಟ್ಟಿಹಾಕುತ್ತದೆ.

ಆದರೆ ಕಾಂಟ್ಯಾಕ್ಟ್ ಮೇಲೆ ಬೀಳುವುದು ಟಿವಿಎಸ್‌ನ ವೋಲ್ಟೇಜ್ ಮಾತ್ರ ಅಲ್ಲ, ಅದರ ಜೊತೆ ಬ್ಯಾಟರಿಯದೂ ಸೇರುತ್ತದೆ. ಒಟ್ಟು 30 ದಾಟುತ್ತದೆ. ಅಂದರೆ ಕಿಡಿ ಒಂದಿಷ್ಟು ಹೊತ್ತು ಉರಿದು, ಕಾಂಟ್ಯಾಕ್ಟ್ ದೂರ ಸರಿದ ಮೇಲೆಯೇ ಆರುತ್ತದೆ. ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು, ಆದರೂ ಕಾಂಟ್ಯಾಕ್ಟ್ ಸವೆಯುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಎರಡೇ ತಂತಿ. ಹಳೆಯ ಪೆಟ್ಟಿಗೆ ಬಿಚ್ಚಲು ಮನಸ್ಸಿಲ್ಲ, ಮೋಟರ್ ಹತ್ತಿರ ಮಾತ್ರ ಕೈ ಹಾಕಬಹುದು ಅನ್ನುವವರಿಗೆ ಇದೇ ಸರಿ.

ನಾಲ್ಕು ಡಯೋಡ್: 12 ವೋಲ್ಟ್‌ಗೆ ನನ್ನ ಮೊದಲ ಆಯ್ಕೆ

ಕಾರಿನ ಪವರ್ ವಿಂಡೋದಲ್ಲಿ ಬಳಸುವ ಜೋಡಣೆಯೇ ನಮ್ಮಲ್ಲೂ ಇರುವುದು. ಎರಡು ರಿಲೇಯ ಕಾಮನ್ (ಅತ್ತಿತ್ತ ಸರಿಯುವ ಕಾಂಟ್ಯಾಕ್ಟ್) ಮೋಟರ್‌ನ ಎರಡು ತುದಿಗೆ, ಎರಡರ ಎನ್‌ಸಿಯೂ (ರಿಲೇ ಬಿಟ್ಟಾಗ ಕಾಮನ್‌ಗೆ ತಾಗಿರುವುದು) ನೆಗೆಟಿವ್‌ಗೆ, ಎರಡರ ಎನ್‌ಓ (ರಿಲೇ ಎತ್ತಿದಾಗ ತಾಗುವುದು) ಪಾಸಿಟಿವ್‌ಗೆ. ಒಂದನ್ನು ಎತ್ತಿದರೆ, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟರೆ, ಒಂದು ದಿಕ್ಕು, ಇನ್ನೊಂದನ್ನು ಎತ್ತಿದರೆ ಇನ್ನೊಂದು. ಎರಡೂ ಬಿಟ್ಟರೆ ಮೋಟರ್‌ನ ತುದಿಗಳು ಶಾರ್ಟ್ ಆಗಿ ಬ್ರೇಕ್ ಬೀಳುತ್ತದೆ.

ಈಗ ಮೋಟರ್‌ನ ಪ್ರತಿ ತುದಿಗೂ ಎರಡು ಡಯೋಡ್ ಹಾಕಿ. ಒಂದು ನೆಗೆಟಿವ್‌ನಿಂದ ತುದಿಯ ಕಡೆಗೆ, ಇನ್ನೊಂದು ತುದಿಯಿಂದ ಪಾಸಿಟಿವ್ ಕಡೆಗೆ. ಬೆಳ್ಳಿ ಪಟ್ಟಿ ಯಾವಾಗಲೂ ಪಾಸಿಟಿವ್ ಕಡೆ ಮುಖ ಮಾಡಿರಬೇಕು. ರಿಲೇ ಬಿಟ್ಟಾಗ ಎನ್‌ಓದಿಂದ ಎನ್‌ಸಿಗೆ ಹೋಗುವ ಕೆಲವೇ ಮಿಲಿಸೆಕೆಂಡ್‌ನಲ್ಲಿ ಮೋಟರ್‌ನ ಕರೆಂಟ್ ಕೆಳಗಿನ ಡಯೋಡ್ ಮೂಲಕ ಸುತ್ತು ಹೊಡೆಯುತ್ತದೆ. ಕಾಂಟ್ಯಾಕ್ಟ್ ಮೇಲೆ ಉಳಿಯುವುದು ಬ್ಯಾಟರಿಯ 12 ಮತ್ತು ಡಯೋಡಿನ 0.7, ಒಟ್ಟು 12.7 ವೋಲ್ಟ್ ಮಾತ್ರ. ಕಿಡಿ ಪೂರ್ತಿ ಮಾಯವಾಗುವುದಿಲ್ಲ, ಆದರೆ ಬೆಳೆಯಲು ಜಾಗವಿಲ್ಲ. ಟಿವಿಎಸ್‌ನ 30ರ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ, ಅಲ್ವಾ?

ಕೆಳಗಿನ ಎರಡೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಸಾಕು. ಆದರೆ ಮೋಟರ್ ಓಡುವಾಗ ಆ ಕಡೆಯ ರಿಲೇ ಹೇಗೋ ಎದ್ದರೆ ಕರೆಂಟ್‌ಗೆ ಮೇಲಿನ ಡಯೋಡೇ ದಾರಿ. ಎರಡು ಡಯೋಡ್ ಉಳಿಸಿ ಏನು ಸಾಧಿಸುತ್ತೇವೆ? 1ಎನ್5408 ನಾಲ್ಕಕ್ಕೆ ಒಂದು ಪ್ಲೇಟ್ ಇಡ್ಲಿಯ ದುಡ್ಡು. 3 ಆಂಪ್‌ನದು, ಕ್ಷಣಮಾತ್ರಕ್ಕೆ 200 ಆಂಪ್ ತಡೆಯುತ್ತದೆ. 1ಎನ್4007 ಒಂದು ಆಂಪ್‌ನದು, ಆಟಿಕೆಯ ಮೋಟರಿಗೆ ಸರಿ. ವೇಗದ ಡಯೋಡ್ ಬೇಕಿಲ್ಲ, ಇಲ್ಲಿ ಪಿಡಬ್ಲ್ಯೂಎಂ (ಕರೆಂಟನ್ನು ಸರಸರ ಆನ್-ಆಫ್ ಮಾಡಿ ವೇಗ ಹಿಡಿತದಲ್ಲಿಡುವುದು) ಇಲ್ಲ.

ಎರಡು ಎಚ್ಚರ. ಒಂದು ಡಯೋಡ್ ತಿರುಗಿಸಿ ಹಾಕಿದರೂ, ಇಲ್ಲವೇ ಶಾರ್ಟ್ ಆಗಿ ಕೆಟ್ಟರೂ ಬ್ಯಾಟರಿ ಶಾರ್ಟ್ ಆಗಬಹುದು. ಹಾಗಾಗಿ ಫ್ಯೂಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎರಡನೆಯದು, ಮೋಟರ್ ತಂತಿಯಲ್ಲೇ ಲಿಮಿಟ್ ಸ್ವಿಚ್ ಇದ್ದರೆ ಈ ಡಯೋಡ್‌ಗಳು ಸ್ವಿಚ್ ದಾಟಿ ಮೋಟರ್ ಕಡೆ ಇರಬೇಕು. ರಿಲೇ ಕಡೆ ಇದ್ದರೆ ರಿಲೇ ಉಳಿಯುತ್ತದೆ, ಸ್ವಿಚ್ ಸುಡುತ್ತದೆ.

24 ವೋಲ್ಟ್‌ನಲ್ಲಿ ಇದೇ ನಾಲ್ಕು ಡಯೋಡ್ 24.7 ಉಳಿಸುತ್ತವೆ. ಅದು ಕಿಡಿಗೆ ಧಾರಾಳ. ಇನ್ನೊಂದು ಅಪಾಯವೂ ಇದೆ. ಎನ್‌ಓದಿಂದ ಎಳೆದುಕೊಂಡು ಬಂದ ಕಿಡಿ ಆರುವ ಮೊದಲೇ ಕಾಮನ್ ಎನ್‌ಸಿ ಮುಟ್ಟಿದರೆ, ಪಾಸಿಟಿವ್‌ನಿಂದ ನೆಗೆಟಿವ್‌ಗೆ ಆ ಕಿಡಿಯೇ ಸೇತುವೆ. ರಿಲೇ ಒಂದೇ ಸಲಕ್ಕೆ ಕರಕಲಾಗುತ್ತದೆ. 24ಕ್ಕೆ ಬರೀ ಡಯೋಡ್ ನಂಬಬೇಡಿ.

ಕಾಯುವುದು: ದುಡ್ಡಿಲ್ಲದ ರಕ್ಷಣೆ

ಇಲ್ಲಿವರೆಗೆ ಹೇಳಿದ್ದೆಲ್ಲ ತೆರೆಯುವಾಗಿನ ಮದ್ದು. ಮುಚ್ಚುವಾಗಿನ 36 ಆಂಪ್‌ಗೆ ಇವು ಯಾವುವೂ ಏನೂ ಮಾಡುವುದಿಲ್ಲ. ಅದಕ್ಕೆ ಇರುವುದು ಕಾಯುವುದೊಂದೇ. ದಿಕ್ಕು ಬದಲಿಸುವ ಮೊದಲು ಎರಡೂ ರಿಲೇ ಬಿಟ್ಟು, ಮೋಟರ್ ನಿಂತ ಮೇಲೆ ಇನ್ನೊಂದನ್ನು ಎತ್ತಿ. ಗೇರ್ ಮೋಟರ್ ಬ್ರೇಕ್ ಬಿದ್ದ ಮೇಲೆ ಬೇಗ ನಿಲ್ಲುತ್ತದೆ. ನಾನು ಒಂದು ಸೆಕೆಂಡ್ ಇಟ್ಟಿದ್ದೇನೆ, ಕೋಡ್‌ನಲ್ಲಿ ಒಂದು ಸಾಲು. ಬಟನ್ ಅನ್ನು ಯಾರು ಎಷ್ಟು ಅವಸರದಲ್ಲಿ ಒತ್ತಿದರೂ ಆ ಒಂದು ಸೆಕೆಂಡ್ ತಪ್ಪದಂತೆ ಬರೆಯಿರಿ. 36 ಆಂಪ್ 20ಕ್ಕೆ ಇಳಿಯಿತು. ನಮ್ಮ ಶೆಡ್‌ನಲ್ಲಿ ಆದ ಅನಾಹುತಕ್ಕೆ ಮುಖ್ಯ ಕಾರಣ ಈ ಸಾಲು ಇಲ್ಲದಿದ್ದದ್ದು ಎಂದೇ ನನ್ನ ನಂಬಿಕೆ. ಮಕ್ಕಳು ಪರದೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು.

ಆ 20 ಆಂಪ್‌ಗೂ 10 ಆಂಪ್‌ನ ನೀಲಿ ರಿಲೇ ಸಾಲದು. ಗಾಡಿಗಳಲ್ಲಿ ಬಳಸುವ ಐದು ಕಾಲಿನ 12 ವೋಲ್ಟ್ ರಿಲೇ ತನ್ನಿ. ಎನ್‌ಓ 40 ಆಂಪ್, ಎನ್‌ಸಿ 30 ಆಂಪ್ ಎಂದು ಮೈಮೇಲೆ ಬರೆದಿರುತ್ತದೆ. ಯಾವ ಊರಿನ ಆಟೋಮೊಬೈಲ್ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ, ಇದಕ್ಕಾಗಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಿಲ್ಲ. ಕಾಂಟ್ಯಾಕ್ಟ್ ಸಿಲ್ವರ್ ಟಿನ್ ಆಕ್ಸೈಡ್‌ನದ್ದಾದರೆ ಇನ್ನೂ ಒಳ್ಳೆಯದು, ಅದು ಬೇಗ ಬೆಸೆದುಕೊಳ್ಳುವುದಿಲ್ಲ.

ಮಾಸ್‌ಫೆಟ್ ಕಾವಲು: ರಿಲೇಗೆ ಬರೀ ದಿಕ್ಕಿನ ಕೆಲಸ

24 ವೋಲ್ಟ್ ಇದ್ದರೆ, ಇಲ್ಲವೇ ದಿನಕ್ಕೆ ನೂರಾರು ಸಲ ನಡೆಯಬೇಕಿದ್ದರೆ ನಾನು ಇದನ್ನೇ ಹೇಳುತ್ತೇನೆ. ಎರಡು ರಿಲೇಯ ಎನ್‌ಸಿಗಳನ್ನು ನೇರ ನೆಗೆಟಿವ್‌ಗೆ ಕೊಡದೆ ಒಂದು ಮಾಸ್‌ಫೆಟ್ (ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಮೂಲಕ ಕೊಡಿ. ಮೊದಲು ರಿಲೇ ದಿಕ್ಕು ಆರಿಸಲಿ. ಆಗ ಕರೆಂಟೇ ಇಲ್ಲ. 50 ಮಿಲಿಸೆಕೆಂಡ್ ಬಿಟ್ಟು ಮಾಸ್‌ಫೆಟ್ ಆನ್. ನಿಲ್ಲಿಸುವಾಗ ಮೊದಲು ಮಾಸ್‌ಫೆಟ್ ಆಫ್, ಮೋಟರ್ ನಿಂತ ಮೇಲೆ ರಿಲೇ ಬಿಡಿ. ಕಾಂಟ್ಯಾಕ್ಟ್ ಒಮ್ಮೆಯೂ ಕರೆಂಟನ್ನು ಕತ್ತರಿಸುವುದಿಲ್ಲ, ಹೊತ್ತುಕೊಂಡಿರುತ್ತದೆ ಅಷ್ಟೇ.

ಇಲ್ಲಿ ಒಂದೇ ಡಯೋಡ್ ಸಾಕು. ರಿಲೇಗಳ ಆಚೆ ದಿಕ್ಕು ಬದಲಾಗುತ್ತದೆ, ಈಚೆ ಬದಲಾಗುವುದಿಲ್ಲ. ಎನ್‌ಸಿಗಳು ಸೇರುವ ತಂತಿಯಿಂದ ಪಾಸಿಟಿವ್ ಕಡೆಗೆ ಆ ಡಯೋಡ್ ಹಾಕಿ. ಬೋರ್ಡ್ 5 ವೋಲ್ಟ್‌ನದಾದರೆ ಐಆರ್‌ಎಫ್‌ಝಡ್44ಎನ್ ಬೇಡ, ಅದು ಪೂರ್ತಿ ಆನ್ ಆಗಲು ಗೇಟ್‌ಗೆ (ಮಾಸ್‌ಫೆಟ್ ಅನ್ನು ಆನ್ ಮಾಡುವ ಕಾಲಿಗೆ) 10 ವೋಲ್ಟ್ ಬೇಕು. ಐಆರ್‌ಎಲ್‌ಝಡ್44ಎನ್ ತನ್ನಿ, 55 ವೋಲ್ಟ್‌ನದು. ಗೇಟ್‌ನಿಂದ ನೆಗೆಟಿವ್‌ಗೆ 10 ಕಿಲೋ ಓಮ್ ಹಾಕಿದರೆ ಬೋರ್ಡ್ ರೀಸೆಟ್ ಆದಾಗಲೂ ಮೋಟರ್ ಎದ್ದು ಕೂರುವುದಿಲ್ಲ. ಪಿಡಬ್ಲ್ಯೂಎಂನಿಂದ ನಿಧಾನ ಶುರು ಮಾಡಿದರೆ ಆ 20 ಆಂಪ್ ಕೂಡ ಇಳಿಯುತ್ತದೆ; ಆಗ ಡಯೋಡ್ ಮಾತ್ರ ವೇಗದ ಶಾಟ್ಕಿ ಜಾತಿಯದ್ದಿರಲಿ.

ನನಗೆ ಇದು ಇಷ್ಟವಾಗಲು ಇನ್ನೊಂದು ಕಾರಣವಿದೆ. ಮಾಸ್‌ಫೆಟ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆದರೂ ರಿಲೇ ಬಿಟ್ಟರೆ ಮೋಟರ್ ನಿಲ್ಲುತ್ತದೆ. ಪರದೆ ಹರಿಯಬೇಕಾದರೆ ಎರಡೂ ಒಟ್ಟಿಗೆ ಕೆಡಬೇಕು. ಕೊರತೆಯೆಂದರೆ ಬೆಸುಗೆ, ಕೋಡ್ ಎರಡೂ ಗೊತ್ತಿರಬೇಕು, ಮತ್ತು ತಕ್ಷಣ ಬ್ರೇಕ್ ಹಿಡಿಯುವ ಸೌಕರ್ಯ ಹೋಗುತ್ತದೆ.

ರಿಲೇಯನ್ನೇ ಬಿಟ್ಟರೆ?

ಬಿಟಿಎಸ್7960 ಚಿಪ್‌ನ ಎಚ್-ಬ್ರಿಡ್ಜ್ ಮಾಡ್ಯೂಲ್ (ಎಲೆಕ್ಟ್ರಾನಿಕ್ ಸ್ವಿಚ್‌ಗಳಿಂದಲೇ ದಿಕ್ಕು ಬದಲಿಸುವ ಬೋರ್ಡ್) ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸದ್ದಿಲ್ಲ, ಸವೆತವಿಲ್ಲ, ವೇಗವೂ ಕೈಯಲ್ಲಿ. 43 ಆಂಪ್ ಎಂದು ಬರೆದಿರುವುದು ಚಿಪ್‌ನ ಮಿತಿ, ಆ ಪುಟ್ಟ ಹೀಟ್‌ಸಿಂಕ್‌ನದ್ದಲ್ಲ. ಅರ್ಧವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ವೋಲ್ಟೇಜ್ 27.5ಕ್ಕೆ ಮುಗಿಯುತ್ತದೆ. ಚಾರ್ಜ್ ಆಗುತ್ತಿರುವ 24 ವೋಲ್ಟ್ ಬ್ಯಾಟರಿ 28 ದಾಟುವುದರಿಂದ ಅಲ್ಲಿ ಇದು ಬೇಡ. ಎಲ್298ಎನ್ ಹಳೆಯದು, 2 ಆಂಪ್‌ನದು, ವೋಲ್ಟೇಜ್ ಬಹಳ ತಿನ್ನುತ್ತದೆ. ಎಸ್‌ಎಸ್‌ಆರ್ (ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ) ಕೊಳ್ಳುವವರು ಹೆಸರಿನ ಕೊನೆ ನೋಡಿ: 'ಡಿಎ' ಅಂದರೆ ಎಸಿ ಲೋಡಿಗೆ ಮಾಡಿದ್ದು, ಡಿಸಿ ಕೊಟ್ಟರೆ ಒಮ್ಮೆ ಹೊತ್ತಿದ್ದು ಆರುವುದೇ ಇಲ್ಲ.

ಯಾರಿಗೆ ಯಾವುದು

ಆಟಿಕೆ, ಸಣ್ಣ ಬೀಗ, ಒಂದು ಆಂಪ್ ಒಳಗಿನ ಮೋಟರ್: ಸ್ನಬ್ಬರ್ ಮತ್ತು ಕಾಯುವ ಸಾಲು. 12 ವೋಲ್ಟ್‌ನ ಗೇಟ್, ಪರದೆ, ದಿನಕ್ಕೆ ಹತ್ತಿಪ್ಪತ್ತು ಸಲ: ಗಾಡಿಯ ರಿಲೇ, ನಾಲ್ಕು ಡಯೋಡ್, ಒಂದು ಸೆಕೆಂಡ್ ಕಾಯುವುದು. ನಮ್ಮ ಶೆಡ್‌ನಲ್ಲಿ ಈಗ ಇರುವುದು ಇದೇ. ಹಳೆಯ ಪೆಟ್ಟಿಗೆ ಮುಟ್ಟುವಂತಿಲ್ಲ ಅಂದರೆ ಟಿವಿಎಸ್. 24 ವೋಲ್ಟ್ ಅಥವಾ ಬಿಡುವಿಲ್ಲದ ಕೆಲಸ: ಮಾಸ್‌ಫೆಟ್ ಕಾವಲು. ವೇಗವೂ ಬದಲಾಗಬೇಕು, ಕರೆಂಟ್ ಹತ್ತು ಆಂಪ್ ಒಳಗಿದೆ ಅಂದರೆ ಎಚ್-ಬ್ರಿಡ್ಜ್. 48 ವೋಲ್ಟ್ ಆದರೆ ಬೋರ್ಡ್ ಮೇಲಿನ ರಿಲೇಗಳ ಮಾತು ಬಿಡಿ, ಡಿಸಿಗೆಂದೇ ಮಾಡಿದ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ನೋಡಿ.

ಯಾವುದನ್ನು ಆರಿಸಿದರೂ ಮೂರು ಸಣ್ಣ ಕೆಲಸ ಮಾಡಿ. ರಿಲೇ ಕಾಯಿಲ್‌ಗೆ ಬರೀ ಡಯೋಡ್ ಹಾಕಿದರೆ ಕಾಯಿಲ್ ನಿಧಾನ ಬಿಡುತ್ತದೆ, ಕಾಂಟ್ಯಾಕ್ಟ್ ನಿಧಾನ ತೆರೆಯುತ್ತದೆ, ಕಿಡಿಗೆ ಅದೇ ಹಬ್ಬ. ಡಯೋಡ್ ಜೊತೆ ಸರಣಿಯಲ್ಲಿ 24 ವೋಲ್ಟ್‌ನ ಝೀನರ್ (ಅಷ್ಟು ವೋಲ್ಟ್ ದಾಟಿದರೆ ಹಿಮ್ಮುಖವಾಗಿಯೂ ಕರೆಂಟ್ ಬಿಡುವ ಡಯೋಡ್) ಹಾಕಿ. ಕಾಯಿಲ್ ಓಡಿಸುವ ಟ್ರಾನ್ಸಿಸ್ಟರ್ 50 ವೋಲ್ಟ್ ತಡೆಯುವಂಥದ್ದಿರಲಿ. ಗುಜರಿಯಿಂದ ತಂದ ವೈಪರ್ ಮೋಟರ್ ಆದರೆ ಅದರ ಒಂದು ತುದಿ ಮೈಗೇ ಸೇರಿದೆಯಾ ಎಂದು ಮೀಟರ್ ಹಿಡಿದು ನೋಡಿ. ಸೇರಿದ್ದರೆ ದಿಕ್ಕು ತಿರುಗಿಸಿದಾಗ ಮೋಟರ್‌ನ ಮೈ ಪಾಸಿಟಿವ್ ಆಗುತ್ತದೆ. ಮತ್ತು ಬೋರ್ಡ್‌ಗೆ ಸುದ್ದಿ ಕೊಡುವ ಲಿಮಿಟ್ ಸ್ವಿಚ್‌ನಿಂದ ಸ್ವಲ್ಪ ಆಚೆ, ಮೋಟರ್ ತಂತಿಯನ್ನೇ ನೇರ ಕತ್ತರಿಸುವ ಇನ್ನೊಂದು ಸ್ವಿಚ್ ಇಡಿ. ವಾಪಸ್ ಬರಲು ಅದಕ್ಕೆ ಅಡ್ಡ ಒಂದು ಡಯೋಡ್. ರಿಲೇ ಬೆಸೆದುಕೊಂಡ ರಾತ್ರಿ ಪರದೆಯನ್ನು ಉಳಿಸುವುದು ಆ ಸ್ವಿಚ್ ಒಂದೇ.

ಹೊಸ ರಿಲೇ ಹಾಕಿದ ದಿನ, ಮೋಟರ್ ಓಡುವಾಗ ಮುಚ್ಚಿದ ಕಾಂಟ್ಯಾಕ್ಟ್‌ನ ಎರಡು ಕಾಲಿನ ನಡುವೆ ಎಷ್ಟು ಮಿಲಿವೋಲ್ಟ್ ಇದೆ ಎಂದು ಅಳೆದು ಪೆಟ್ಟಿಗೆಯ ಮುಚ್ಚಳದ ಒಳಗೆ ತಾರೀಖಿನ ಜೊತೆ ಬರೆದಿಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅದು ಮೊದಲ ದಿನದ ದುಪ್ಪಟ್ಟಾಗಿದ್ದರೆ ಕಾಯಬೇಡಿ, ರಿಲೇ ಬದಲಿಸಿ.